ಪರ್ಮಿಟ್ ಬೇಕಾದ ಕಪ್ಪೆ

ಕೆಂಗೇರಿಯ ರಾಮಕ್ಕನಿಗೆ ಹೊಟ್ಟೆಕಿಚ್ಚು ಹುಟ್ಟುಗುಣವೇನಲ್ಲ. ಓರಗಿತ್ತಿ ನೀಲಮ್ಮ ಕಿವಿಗೆ ಹೊಸ ಬೆಂಡೋಲೆ ಇಟ್ಟುಕೊಂಡ ದಿನ ಹತ್ತಿಕೊಂಡದ್ದು, ಆಮೇಲೆ ಆರಲೇ ಇಲ್ಲ. ನೀಲಮ್ಮನ ಗಂಡ ಉಗ್ರಪ್ಪ, ಅಂದರೆ ರಾಮಕ್ಕನ ಮೈದುನ, ಕೆರೆ ಗದ್ದೆಗಳಲ್ಲಿ ಕಪ್ಪೆ ಹಿಡಿದು ಗೋಣಿಚೀಲಕ್ಕೆ ತುಂಬಿ ಏಜೆಂಟನಿಗೆ ಕೊಡುತ್ತಿದ್ದ. ಅವುಗಳ ಕಾಲು ಮಾತ್ರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಪರದೇಶದವರ ತಟ್ಟೆಗೆ ಹೋಗುತ್ತಿದ್ದವು. ಥೂ, ಅದೆಂಥ ಊಟವೋ! ಆದರೂ ಅದರಿಂದಲೇ ನೀಲಮ್ಮನ ಮನೆಗೆ ಟೀವಿ ಬಂತು, ಮಿಕ್ಸಿ ಬಂತು.

ರಾಮಕ್ಕನ ಗಂಡ ಬೈರಯ್ಯ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವನು. ಪಕ್ಕದಲ್ಲೇ ಇದ್ದ ನೀಲಮ್ಮನ ಮನೆಯ ಮಿಕ್ಸಿ ಗೊರ್ರೆಂದಾಗಲೆಲ್ಲ ರಾಮಕ್ಕ ಒರಳುಗುಂಡನ್ನು ಗಂಡನ ತಲೆಯೇನೋ ಎಂಬಂತೆ ತಿರುಗಿಸುತ್ತಿದ್ದಳು.

"ನಿಮ್ಮ ತಮ್ಮನ್ನ ನೋಡಿ ಕಲೀರಿ. ಕೆಲ್ಸ ಬಿಟ್ಟಾಕಿ, ನಾವೂ ಕಪ್ಪೆ ಹಿಡಿಯೋಣ."

ಈ ಮಾತು ಉಗ್ರಪ್ಪನ ಕಿವಿಗೂ ಬಿತ್ತು. ಒಂದು ಭಾನುವಾರ ಅವನೇ ಬಂದು ಜಗುಲಿಯ ಮೇಲೆ ಕೂತ.

"ಅತ್ತಿಗೆ, ಈ ವ್ಯಾಪಾರ ಇನ್ನು ಬಾಳಲ್ಲ. ಕಪ್ಪೆ ಸಂತತಿ ಅಳಿದೋಗ್ತದೆ ಅಂತ ದೇಶದೇಶದವರು ಸೇರಿ ಕಟ್ಟುಪಾಡು ಮಾಡವ್ರೆ. ಈಗ್ಲೇ ಪರ್ಮಿಟ್ ಇಲ್ದೆ ಮಾಲು ಹಡಗು ಹತ್ತಲ್ಲ. ನಮ್ಮ ಸರ್ಕಾರನೂ ನಿಲ್ಲಿಸ್ತದೆ ಅಂತಾನೆ ಏಜೆಂಟು. ಅಣ್ಣ ಕೆಲ್ಸ ಮಾತ್ರ ಬಿಡೋದು ಬೇಡ."

ಅವನು ಹೊಸಿಲು ದಾಟಿದ್ದೇ ತಡ, ರಾಮಕ್ಕ ಸಿಡಿದಳು.

"ಕಪ್ಪೆಗೂ ಪರ್ಮಿಟ್ ಅಂತೆ! ಯಾರ ಕಿವಿಗೆ ಹೂವಿಡ್ತಾನೆ? ನಾವು ಮುಂದೆ ಬಂದ್ರೆ ಆ ನೀಲಿಗೆ ತಿಂದ ಅನ್ನ ಮೈಗೆ ಹತ್ತಲ್ಲ. ಅವಳೇ ಹೇಳಿ ಕಳ್ಸವ್ಳೆ!"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಕೇಳಬೇಕೆ? ಹೊತ್ತುಗೊತ್ತಿಲ್ಲದೆ ಗಂಡನ ತಲೆ ತಿಂದಳು, ಊಟ ಬಿಟ್ಟು ಮಲಗಿದಳು, ತವರಿಗೆ ಹೊರಟು ನಿಂತಳು. ಪಾಪ, ಬೈರಯ್ಯ ರಾಜೀನಾಮೆ ಕೊಟ್ಟು ಗೋಣಿಚೀಲ ಹಿಡಿದ. ಉಗ್ರಪ್ಪ ನಿಟ್ಟುಸಿರು ಬಿಟ್ಟು ತನ್ನ ಏಜೆಂಟನನ್ನೇ ಅಣ್ಣನಿಗೆ ಒಪ್ಪಿಸಿ, ತಾನು ಆ ದಂಧೆಯಿಂದ ಕೈತೊಳೆದುಕೊಂಡ. ರಾಮಕ್ಕ ಗೆದ್ದೆನೆಂದುಕೊಂಡಳು.

ಒಂದು ಮಳೆಗಾಲವೂ ಪೂರ್ತಿ ದಕ್ಕಲಿಲ್ಲ. ಎಂಬತ್ತೇಳನೇ ಇಸವಿಯಲ್ಲಿ ಕಪ್ಪೆ ಕಾಲಿನ ರಫ್ತು ಬಂದ್ ಎಂದು ರೇಡಿಯೋ ಹೇಳಿತು. ಏಜೆಂಟ್ ಮತ್ತೆ ಇತ್ತ ತಲೆ ಹಾಕಲಿಲ್ಲ. ಬೈರಯ್ಯ ಹಿಡಿದಿಟ್ಟಿದ್ದ ಕಪ್ಪೆಗಳನ್ನು ಕೆರೆಗೆ ಸುರಿದು, ಹಳೆಯ ಕಾರ್ಖಾನೆಗೆ ಹೋಗಿ ಕೈಮುಗಿದ. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತು, ನಾಳೆ ಬರುತ್ತಾರೆ ಎಂದರು.

ಮರುದಿನ ಬೆಳಿಗ್ಗೆ ರಾಮಕ್ಕ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಉಗ್ರಪ್ಪ ಖಾಕಿ ಶರ್ಟು ತೊಟ್ಟು ಹೊರಬಿದ್ದ.

"ಎಲ್ಲಿಗಪ್ಪ ಇಷ್ಟು ಬೇಗ?"

"ಅಣ್ಣ ಬಿಟ್ಟ ಕೆಲ್ಸಕ್ಕೆ ಅತ್ತಿಗೆ. ಖಾಲಿ ಬಿದ್ದಿತ್ತು, ನಾನೂ ಅರ್ಜಿ ಹಾಕಿದ್ದೆ."

ರಾಮಕ್ಕ ಉಳಿದ ನೀರನ್ನೆಲ್ಲ ಒಂದೇ ಸಲ ಬಾಗಿಲಿಗೆ ಎರಚಿದಳು. ಮೈಯೆಲ್ಲ ಉರಿದುಹೋಯಿತು, ಅದೂ ತಾನೇ ಬಿಡಿಸಿದ ಕೆಲಸಕ್ಕೆ. ಒಳಗೆ ಬೈರಯ್ಯ ಇನ್ನೂ ಎದ್ದಿರಲಿಲ್ಲ. ಎಬ್ಬಿಸಿ ಎಲ್ಲಿಗೆ ಕಳಿಸಬೇಕೆಂದು ಅವಳಿಗೂ ತಿಳಿಯಲಿಲ್ಲ.