ಚಿತ್ತಿಲ್ಲದ ಕೃತಿಸಂಪುಟ

ಪಂಜದ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ಶೀಲಾವತಿ ಟೀಚರಿಗೆ ಮಕ್ಕಳೆಂದರೆ ಪ್ರಾಣ, ಮಕ್ಕಳ ಕೃತಿಸಂಪುಟವೆಂದರೆ ಅದಕ್ಕಿಂತ ಒಂದು ತೂಕ ಹೆಚ್ಚು. ಒಬ್ಬೊಬ್ಬರ ಕಲಿಕೆಯೂ ಕಾಣಲೆಂದು ವರ್ಷವಿಡೀ ಲೆಕ್ಕದ ಹಾಳೆಗಳನ್ನು ಸೇರಿಸಿಡುವ ಆ ಫೈಲುಗಳಿಗೆ ಅವರೇ ಬಣ್ಣದ ಕಾಗದ ಹಚ್ಚುತ್ತಾರೆ, ಮಳೆಗಾಲದಲ್ಲಿ ಬಿಸಿಯೂಟದ ಒಲೆಯ ಬಳಿ ಇಟ್ಟು ಒಣಗಿಸುತ್ತಾರೆ. "ಚಿತ್ತು ಉಂಟಾ? ಹಾಗಾದ್ರೆ ಪುನಃ ಬರಿ ಮಾರಾಯ್ತಿ" ಎನ್ನುವುದು ಅವರ ನಿತ್ಯದ ಮಾತು, ನೊಣ ಕೂತರೂ ಹಾಳೆ ಬದಲಾಗುತ್ತದೆಂದು ಉಳಿದ ಟೀಚರುಗಳು ನಗುತ್ತಾರೆ. ನೋಡಲು ಬಂದ ಅಧಿಕಾರಿಗಳು ಹೊಗಳಿದ ದಿನ ತರಗತಿಗೆಲ್ಲ ಮಿಠಾಯಿ ಹಂಚಿದ್ದರು. ಎಂಟನೆಯ ತರಗತಿಯ ಅಮೀರಾ ಬೋರ್ಡಿನ ಸೂತ್ರ ಬಿಟ್ಟು, ಹೊಡೆದುಹಾಕಿ, ತಿದ್ದಿ, ಕೊನೆಗೆ ತ್ರಾಪಿಜ್ಯವನ್ನು ತ್ರಿಭುಜಗಳಾಗಿ ಸೀಳಿ ವಿಸ್ತೀರ್ಣ ಕಂಡುಹಿಡಿದು ಓಡಿ ಬಂದಾಗಲೂ, "ಇದೆಂತ, ಕೋಳಿ ಕೆದರಿದ ಹಾಗೆ! ಬಿಸಾಡಿ, ಬೋರ್ಡಿನದ್ದನ್ನು ಚಂದ ಮಾಡಿ ಬರಿ" ಎಂದಿದ್ದರು. ವರ್ಷದ ಕೊನೆಗೆ, ಯಾವ ಮಗು ಹೇಗೆ ಯೋಚಿಸುತ್ತದೆಂದು ಬರೆಯಲು ಕೂತು ಫೈಲುಗಳನ್ನು ತೆರೆದರೆ ಎಲ್ಲದರಲ್ಲೂ ಅದೇ ಲೆಕ್ಕ, ಅದೇ ಹಂತ. ಹೆಸರು ಮುಚ್ಚಿದರೆ ಅಮೀರಾ ಯಾರು, ಭವಿತ್ ಯಾರು ಎಂದು ಅವರಿಗೇ ತಿಳಿಯಲಿಲ್ಲ. ಅಮೀರಾಳನ್ನು ಕರೆದು, "ಆ ತ್ರಾಪಿಜ್ಯ ನೀನು ಹೇಗೆ ಮಾಡಿದ್ದು ಮಗಾ? ಇನ್ನೊಮ್ಮೆ ತೋರಿಸು. ಚಿತ್ತಾದರೂ ಅಡ್ಡಿಯಿಲ್ಲ" ಎಂದು ಖಾಲಿ ಹಾಳೆ ಕೊಟ್ಟರು. ಹುಡುಗಿ ಪೆನ್ಸಿಲು ಹಿಡಿದು ಒಂದು ತ್ರಾಪಿಜ್ಯ ಬಿಡಿಸಿ ಅಷ್ಟಕ್ಕೇ ನಿಲ್ಲಿಸಿದಳು. "ಅದು ಮರ್ತು ಹೋಯ್ತು ಟೀಚರ್. ಬೋರ್ಡಿನದ್ದು ಮಾತ್ರ ನೆನಪುಂಟು. ಬರಿಬೇಕಾ?" ಟೀಚರು ಬೇಡವೆಂದು ತಲೆಯಾಡಿಸಿದರು. ಅವಳು ಹೋದ ಮೇಲೆ, ಬರೆಯಲು ಬೇರೇನೂ ತೋಚದೆ, ಎಲ್ಲರ ಫೈಲಿಗೆ ಬರೆದ ಹಾಗೆ ಅವಳದ್ದಕ್ಕೂ 'ಉತ್ತಮ' ಎಂದು ಬರೆದರು.