ಊಟ ಕೇಳುವ ಯಂತ್ರ

ವಯಸ್ಸಾದವರಿಗೆ ಗುಳಿಗೆಯ ವೇಳೆ ನೆನಪಿಸುವ ಪುಟ್ಟ ಯಂತ್ರವೊಂದನ್ನು ಬಾಗಲಕೋಟೆಯ ಇಂಜಿನಿಯರ್ ಹುಡುಗಿಯೊಬ್ಬಳು ಇಳಕಲ್ಲಿನ ನಮ್ಮ ಮನೆಗೆ ತಂದಿದ್ದಳು. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಅದರ ಮಾತು ತಿದ್ದುವ ಕೆಲಸ ನನಗೆ ಬಂತು. ‘ಔಷಧಿ ಸೇವಿಸಿ’ ಎಂದು ಅದು ಅಪ್ಪಣೆ ಕೊಡಿಸಿದಾಗ ನನಗೆ ರೇಗಿತು. ನಮ್ಮ ಕಡೆ ಊಟ ಆಯಿತೇ ಎಂದು ಕೇಳದೆ ಯಾರೂ ಮಾತು ತೆಗೆಯುವುದಿಲ್ಲ. ಮೊದಲು ಊಟ ಕೇಳಲಿ ಎಂದೆ. ಮುಂದಿನ ವಾರ ಅವಳು ಹಾಗೇ ಮಾಡಿ ತಂದಳು.

ಅತ್ತೆ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದರು. ‘ಊಟ ಆತೇನ್ರಿ?’ ಎಂದಿತು ಯಂತ್ರ.

‘ಈಗ ಆತವ್ವಾ. ನಿಂದು?’ ಅತ್ತೆ ಕೈ ನಿಲ್ಲಿಸಿ ಕಾದರು. ಯಂತ್ರ ಸುಮ್ಮನಿತ್ತು. ಕೇಳಿದವರನ್ನು ತಿರುಗಿ ಕೇಳುತ್ತಾರೆ ಎಂಬುದು ನನಗೂ ಹುಡುಗಿಗೂ ಹೊಳೆದಿರಲಿಲ್ಲ.

‘ಅಕ್ಕಾರ, ನಂದೂ ಆತ್ರಿ ಅಂತ ಹಾಕ್ಲೇನ್ರಿ?’ ಹುಡುಗಿ ಪಿಸುಗುಟ್ಟಿದಳು.

‘ವಯಸ್ಸಾದವರ ಮುಂದ ಸುಳ್ಳು ಬ್ಯಾಡ. ಖರೇದನ್ನ ಹೇಳಲಿ.’

ಅವಳು ಅಲ್ಲೇ ಲ್ಯಾಪ್‌ಟಾಪ್ ತೆರೆದು ಉತ್ತರ ಸೇರಿಸಿದಳು. ಅತ್ತೆ ಮತ್ತೆ ಕೇಳಿದಾಗ ಯಂತ್ರ ಹೇಳಿತು: ‘ನಾ ಮಷಿನ್ ಅದೀನ್ರಿ. ನನಗ ಊಟ ಇಲ್ರಿ.’

‘ಪಾಪ,’ ಎಂದು ಅತ್ತೆ ಗುಳಿಗೆ ನುಂಗಿದರು.

ಅಂದಿನಿಂದ ಅವರು ಅದರ ಎದುರಿಗೆ ಉಣ್ಣುವುದಿಲ್ಲ. ರೊಟ್ಟಿಯ ತಾಟು ಹಿಡಿದು ಅಡುಗೆಮನೆಗೆ ಹೋಗುತ್ತಾರೆ.