ಎಂಥಾಲ್ಪಿಯ ಪುಟ ನಕಲು ಮಾಡುವಾಗ

ಆ ಭಾನುವಾರ ನನಗೆ ಡ್ಯೂಟಿ ಇರಲಿಲ್ಲ. ಧುಪದಾಳದ ಒಡ್ಡಿನಲ್ಲಿ ಗೇಟು ಎತ್ತಿ ಇಳಿಸುವುದು ನನ್ನ ಕೆಲಸ. ಓದಿದ್ದು ಹತ್ತನೆಯ ತರಗತಿ. ನನ್ನ ಹೆಂಡತಿ ಗೋಕಾಕದಿಂದ ದಿನಾ ಬಸ್ಸು ಹತ್ತಿ ಮೂಡಲಗಿಯ ಕಾಲೇಜಿಗೆ ಹೋಗಿ ಪಿಯುಸಿಯವರಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಕನ್ನಡ ಸಾಲಿಯಿಂದ ಬಂದ ಹುಡುಗಿಯರು ಥರ್ಮೋಡೈನಮಿಕ್ಸ್ ಎಂಬ ಹೆಸರು ಕೇಳಿದ ಕೂಡಲೇ ಪೆನ್ನು ಕೆಳಗಿಡುತ್ತಾರೆ ಎಂದು, ಆ ಒಂದು ಪಾಠವನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದಳು.

ಪ್ರತಿ ಪುಟವನ್ನೂ ಮೊದಲು ನನಗೆ ಹೇಳುವುದು ಅವಳ ಪದ್ಧತಿ. ನನಗೆ ತಿಳಿದರೆ ಅಂಚಿನಲ್ಲಿ ರೈಟ್ ಹಾಕುತ್ತಿದ್ದಳು, ತಿಳಿಯದಿದ್ದರೆ ಇನ್ನೊಂದು ಉದಾಹರಣೆ ಹುಡುಕುತ್ತಿದ್ದಳು. ಕೊನೆಗೆ ಅದನ್ನು ದುಂಡಗೆ ನಕಲು ಮಾಡುವುದು ನನ್ನ ಪಾಲು. ಅವಳ ಅಕ್ಷರ ಒಮ್ಮೊಮ್ಮೆ ಅವಳಿಗೇ ಓದಲು ಬರುತ್ತಿರಲಿಲ್ಲ.

ಆ ದಿನ ಒಲೆಯ ಮೇಲೆ ಕುಕ್ಕರ್ ಇತ್ತು. ಅವಳು ಸೌಟಿನಿಂದಲೇ ಅದನ್ನು ತೋರಿಸಿದಳು.

"ಕುಕ್ಕರಿನ ಒಳಗಿಂದು ವ್ಯವಸ್ಥೆ. ಉಳಿದದ್ದೆಲ್ಲಾ ಪರಿಸರ, ನೀವೂ ಸೇರಿ. ಸೀಟಿ ಹೊಡಿಯೂತನಾ ಉಗಿ ಹೊರಗ ಬರೂದಿಲ್ಲ, ಕಾವು ಅಷ್ಟ ಒಳಗ ಹೋಗತೈತಿ. ಅದು ಮುಚ್ಚಿದ ವ್ಯವಸ್ಥೆ. ಸೀಟಿ ಹೊಡೀತೋ, ತೆರೆದ ವ್ಯವಸ್ಥೆ."

"ಮತ್ತ ಆ ಮೂರನೇದು, ಪ್ರತ್ಯೇಕ ವ್ಯವಸ್ಥೆ?"

"ಅದು ನಿಮ್ಮಂಗರಿ. ಯಾರಿಗೂ ಏನೂ ಕೊಡೂದಿಲ್ಲ, ಯಾರ ಕಡೆಯಿಂದನೂ ಏನೂ ತಗೊಳ್ಳೂದಿಲ್ಲ. ಸುಮ್ಮ ಕುಂದ್ರತೈತಿ."

ನಾನು ನಕ್ಕೆ. ಒಳಗೆ ಬಂದ ಉಷ್ಣಕ್ಕೆ ಪ್ಲಸ್, ವ್ಯವಸ್ಥೆ ಹೊರಗಿನದಕ್ಕೆ ಮಾಡಿಕೊಟ್ಟ ಕೆಲಸಕ್ಕೆ ಮೈನಸ್, ಎರಡನ್ನೂ ಕೂಡಿಸಿದರೆ ಒಳಗಿನ ಶಕ್ತಿ ಎಷ್ಟು ಬದಲಾಯಿತು ಎಂಬುದು ಸಿಗುತ್ತದೆ. ಅದು ನಿಜಕ್ಕೂ ತಿಳಿದಿತ್ತು. ಆಮೇಲೆ ಎಂಥಾಲ್ಪಿ ಬಂತು. ಒಳಗಿನ ಶಕ್ತಿ ಅಂತ ಒಂದು ಇದ್ದಮೇಲೆ ಮತ್ತೆ ಇದು ಯಾಕೆ ಎಂದು ಕೇಳಿದೆ. ಅವಳು ಏನೋ ಒಂದಿಷ್ಟು ವಿವರಿಸಿದಳು. ನನಗೆ ಹಸಿವಾಗಿತ್ತು. ಕಿವಿ ಸಾರಿನ ವಾಸನೆಯ ಕಡೆಗಿತ್ತೋ ಏನೋ.

"ತಿಳೀತೇನ್ರಿ?"

"ಹ್ಞೂ, ತಿಳೀತು. ಊಟಕ್ಕ ನೀಡು."

"ಖರೇನ?"

"ಖರೇನ."

ರೈಟ್ ಹಾಕಿದಳು.

ಮರುದಿನ ಪಾಠ ಮಾಡುತ್ತಿದ್ದಾಗಲೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ನಾನು ಧುಪದಾಳದಿಂದ ಹೊರಟು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳ ಮೇಲೆ ಅವಳ ಇಬ್ಬರು ವಿದ್ಯಾರ್ಥಿನಿಯರು ಮನೆಗೆ ಬಂದರು. "ಕಾಕಾ, ಮೇಡಮ್ಮರ ನೋಟ್ಸ್ ಕೊಡ್ರಿ, ಪರೀಕ್ಷೆ ಬಂದೈತಿ" ಅಂದರು. ಒಂದು ವಾರ ತಡೆಯಿರಿ, ನಕಲು ಮಾಡಿ ಕೊಡುತ್ತೇನೆ ಎಂದೆ. ಅವಳಿಗಾಗಿ ಇನ್ನು ನಾನು ಮಾಡಬಹುದಾದ ಕೆಲಸ ಅದೊಂದೇ ಆಗಿತ್ತು.

ಎಂಥಾಲ್ಪಿಯ ಪುಟಕ್ಕೆ ಬಂದಾಗ ಕೈ ನಿಂತಿತು. ಅಂಚಿನಲ್ಲಿ ರೈಟ್ ಇತ್ತು. ಕೆಳಗೆ ಆರೇಳು ಸಾಲುಗಳ ಮೇಲೆ ಅಡ್ಡಡ್ಡ ಗೀಚಿ ಬಿಟ್ಟಿದ್ದಳು. ಬದಿಗೆ, ಇದೊಂದು ಸಲ ಓದಲು ಬರುವ ಅಕ್ಷರದಲ್ಲಿ ಬರೆದಿದ್ದಳು: ಇವರಿಗೆ ಒಂದೇ ಸಲಕ್ಕೆ ತಿಳಿಯಿತು, ಉದಾಹರಣೆ ಬೇಡ.

ಪುಟವನ್ನು ಕಿಟಕಿಗೆ ಹಿಡಿದೆ, ಹಿಂದಿನಿಂದ ನೋಡಿದೆ. 'ಗಾಳಿ' ಎಂಬ ಒಂದು ಶಬ್ದ ಮಾತ್ರ ಉಳಿದಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಎಲ್ಲಿ ಹಾಕಬೇಕೋ ತಿಳಿಯದೆ ಪೆನ್ನು ಒಗೆದೆ. ಆಮೇಲೆ ನಾನೇ ಬಗ್ಗಿ ಮಂಚದ ಕೆಳಗಿಂದ ಅದನ್ನು ತೆಗೆದುಕೊಂಡೆ.

ಹುಕ್ಕೇರಿಗೆ ಹೋದೆ. ಅವಳ ತಮ್ಮ ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ. ಒಳಗಿನ ಶಕ್ತಿಗೆ ಒತ್ತಡ ಮತ್ತು ಗಾತ್ರದ ಗುಣಲಬ್ಧ ಕೂಡಿಸಿ ಸೂತ್ರ ಬರೆದು ತೋರಿಸಿದ.

"ಇಷ್ಟ ನೋಡ್ರಿ ಮಾಮಾ. ಇದರಾಗ ತಿಳಿಯದಂಥಾದ್ದು ಏನೈತಿ?"

"ಸೂತ್ರ ಪುಸ್ತಕದಾಗ ಐತಿ. ಯಾಕ ಕೂಡಸಬೇಕು, ಅದನ್ನ ಹೇಳು."

ಅವನು ಮತ್ತೆ ಅದೇ ಸೂತ್ರವನ್ನು ಸ್ವಲ್ಪ ದೊಡ್ಡದಾಗಿ ಬರೆದ. ಇನ್ನೂ ಕೇಳಬೇಕೆಂದಿದ್ದೆ. ಆದರೆ ಅಕ್ಕನ ಅಕ್ಷರ ನೋಡಿ ಅವನ ಕಣ್ಣು ತುಂಬಿತ್ತು. ನೋಟ್‌ಬುಕ್ ಮುಚ್ಚಿಕೊಂಡು ಬಂದೆ.

ಬಸ್ಸಿನಲ್ಲಿ ಕುಳಿತು ನಾನೇ ಯೋಚಿಸಿದೆ. ತೆರೆದ ಪಾತ್ರೆಯಲ್ಲಿ ನೀರು ಕುದ್ದರೆ ಉಗಿ ಹೊರಗಿನ ಗಾಳಿಯನ್ನು ಸರಿಸಿ ತನಗೆ ಜಾಗ ಮಾಡಿಕೊಳ್ಳಬೇಕು. ಕೊಟ್ಟ ಕಾವಿನಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಆ ಪಾಲನ್ನೂ ಹಿಡಿದು ಲೆಕ್ಕ ಮಾಡುವುದೇ ಎಂಥಾಲ್ಪಿ ಇರಬಹುದು. ಇರಬಹುದು ಅಷ್ಟೆ. ಸರಿಯೋ ತಪ್ಪೋ ಹೇಳುವವಳು ಇಲ್ಲ. ಅವಳ ಹೆಸರಿನ ಪುಟದಲ್ಲಿ ನನ್ನ ಅಂದಾಜು ಬರೆಯಲು ಮನಸ್ಸು ಒಪ್ಪಲಿಲ್ಲ.

ಹುಡುಗಿಯರು ಮತ್ತೆ ಬಂದರು. ನಕಲು ಮಾಡಿದ ಹಾಳೆ ಕೊಟ್ಟೆ. ಒಬ್ಬಳು ಅಲ್ಲೇ ಕಟ್ಟೆಯ ಮೇಲೆ ಕೂತು ಹಾಳೆ ತಿರುವಿ ಕೇಳಿದಳು: "ಕಾಕಾ, ಒಳಗಿನ ಶಕ್ತಿ ಇದ್ದಮ್ಯಾಲ ಎಂಥಾಲ್ಪಿ ಯಾಕ ಬೇಕ್ರಿ?"

"ನನಗ ಗೊತ್ತಿಲ್ಲವ್ವಾ. ನಿಮ್ಮ ಮೇಡಮ್ಮಗ ತಿಳೀತು ಅಂತ ಸುಳ್ಳ ಹೇಳಿದ್ದೆ."

ಅವಳು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು.

ಪುಟಗಳೆಲ್ಲ ನಕಲಾಗಿವೆ. ಎಂಥಾಲ್ಪಿಯ ಪುಟದಲ್ಲಿ ಉದಾಹರಣೆ ಇಲ್ಲ.